ಎಂಟು ಸಲ ಊದಿದವಳು

ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದೆ. ಅಲ್ಲಿಂದ ಮನೆಗೆ ತಂದ ಅಭ್ಯಾಸಗಳಲ್ಲಿ ಒಂದು, ಬರೆದದ್ದನ್ನು ಅಳಿಸದಿರುವುದು. ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು. ಕೆಳಗಿನ ಅಕ್ಷರ ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಬೇಕು. ಈಗ ಹೇಳಹೊರಟಿರುವ ಸಂಗತಿಯ ಪುಸ್ತಕ ನನ್ನ ಮೇಜಿನ ಮೇಲೇ ಇದೆ. ಅದರ ಒಂದು ಸಾಲಿನ ಮೇಲೆ ಅಂಥ ಗೆರೆ ಇದೆ. ಎಳೆದದ್ದು ಹತ್ತು ತಿಂಗಳು ತಡವಾಗಿ.

ಶಿಸ್ತನ್ನು ನನಗೆ ಮೊದಲು ಕಲಿಸಿದ್ದು ಪ್ರಯೋಗಾಲಯವಲ್ಲ, ಹಾಸ್ಟೆಲ್ಲು. ಕೂಟಗಲ್‌ನಿಂದ ರಾಮನಗರದ ವಿದ್ಯಾರ್ಥಿನಿಲಯಕ್ಕೆ ಬಂದಾಗ ನನಗೆ ಹತ್ತು ವರ್ಷ. ಐದಕ್ಕೆ ಗಂಟೆ, ಐದೂವರೆಗೆ ತಣ್ಣೀರು, ಆರಕ್ಕೆ ಪ್ರಾರ್ಥನೆ. ತೊಳೆದ ತಟ್ಟೆಯನ್ನು ಬೋರಲು ಹಾಕುವುದಕ್ಕೂ ಗೋಡೆಯ ಪಕ್ಕ ಒಂದು ಸಾಲಿತ್ತು. ನಿವೃತ್ತಿಯಾದ ಮೇಲೂ ಐದಕ್ಕೇ ಏಳುತ್ತೇನೆ. ನಡೆದು ಬಂದು, ಸ್ನಾನ ಮಾಡಿ, ಏಳೂವರೆಗೆ ತಿಂಡಿ ಮುಗಿಸಿದರೆ ಆಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಹಾಗಾಗಿ ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಬೆಂಗಳೂರಿನ ಸಂಶೋಧನಾ ತಂಡವೊಂದು ಊರು ಗೊತ್ತಿರುವ, ಅಚ್ಚುಕಟ್ಟಾಗಿ ಬರೆಯಬಲ್ಲ ಒಬ್ಬ ನಿವೃತ್ತ ತಂತ್ರಜ್ಞ ಬೇಕು ಎಂದಾಗ ಮರುದಿನವೇ ಒಪ್ಪಿಕೊಂಡೆ.

ರೇಷ್ಮೆ ನೂಲು ತೆಗೆಯುವವರ ಉಸಿರಿನ ಅಧ್ಯಯನ ಅದು. ನಮ್ಮ ಊರಿನವರಿಗೆ ಆ ಕೆಲಸವನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಎರಡು ಮಾತು. ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಗೂಡು ಬೇಸಿನ್ ಎಂದು ಕರೆಯುವ ಬಿಸಿನೀರಿನ ತೊಟ್ಟಿಗೆ ಬರುತ್ತದೆ. ಹೆಂಗಸರು ಅದರೊಳಗೆ ಕೈಯಾಡಿಸಿ ಎಳೆ ಹಿಡಿದು ರಾಟೆಗೆ ಕೊಡುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮುಖದ ಮುಂದೆ ಹಬೆ, ಒಳಗೆ ಸತ್ತ ಹುಳದ ನಾತ, ಒಣಗೂಡು ಸುರಿಯುವಾಗ ಏಳುವ ಸಣ್ಣ ಧೂಳು. ಹತ್ತು ಹದಿನೈದು ವರ್ಷ ಹೀಗೆ ಕೂತವರ ಎದೆಗೆ ಏನಾಗಿದೆ ಎಂದು ಅಳೆಯುವುದು ತಂಡದ ಉದ್ದೇಶ. ತಂಡದ ಮುಖ್ಯಸ್ಥೆ ಮೂವತ್ತೈದರ ಆಸುಪಾಸಿನ ವೈದ್ಯೆ. ಕಡಿಮೆ ಮಾತು, ಸ್ಪಷ್ಟ ಮಾತು. ನನಗೆ ಹಿಡಿಸಿದರು.

ಯಂತ್ರ ಅಂಗೈಯಗಲದ್ದು. ಅದರ ಮೂತಿಗೆ ರಟ್ಟಿನ ಕೊಳವೆ ಸಿಕ್ಕಿಸಬೇಕು. ಕೂತವರು ಎದೆ ತುಂಬ ಉಸಿರೆಳೆದು, ಕೊಳವೆಯ ಸುತ್ತ ತುಟಿ ಬಿಗಿದು, ಒಂದೇ ಏಟಿಗೆ ಜೋರಾಗಿ, ಖಾಲಿಯಾಗುವವರೆಗೆ ಊದಬೇಕು. ಆರು ಸೆಕೆಂಡಾದರೂ ಊದಬೇಕು. ಸರಿಯಾದರೆ ಹಸಿರು ಗುರುತು, ತಪ್ಪಾದರೆ ಕೆಂಪು. ಮೂರು ಹಸಿರು ಬೇಕು. ಎಂಟು ಸಲಕ್ಕಿಂತ ಹೆಚ್ಚು ಊದಿಸುವಂತಿಲ್ಲ. ಎಂಟರಲ್ಲೂ ಆಗದಿದ್ದರೆ ಕಾರಣದ ಖಾನೆಯಲ್ಲಿ ಒಂದು ಅಂಕಿ ಬರೆಯಬೇಕು. ಒಂದು ಎಂದರೆ ಕೆಮ್ಮು, ಎರಡು ಎಂದರೆ ತಲೆಸುತ್ತು, ಮೂರು ಎಂದರೆ ಹಲ್ಲಿಲ್ಲದ ಬಾಯಿ, ನಾಲ್ಕು ಎಂದರೆ ಯಂತ್ರದ ದೋಷ. ಐದು, ಸಹಕರಿಸಲಿಲ್ಲ.

ತರಬೇತಿಯ ದಿನ ವೈದ್ಯೆ ಹೇಳಿದ್ದರು: "ಒಂದರಿಂದ ನಾಲ್ಕು ಬರೆದ ಕಡತಗಳನ್ನ ನಾನೇ ಕೂತು ಒಂದೊಂದಾಗಿ ನೋಡ್ತೀನಿ ಸರ್. ಐದು ಬರೆದದ್ದನ್ನ ತೆರೆಯೋದಿಲ್ಲ. ಅದು ನೇರವಾಗಿ ಪಕ್ಕಕ್ಕೆ ಹೋಗುತ್ತೆ." ಆ ಮಾತನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಹಾಕಿದ್ದೇನೆ.

ಇನ್ನೊಂದು ಮಾತು ಕೊಟ್ಟಿದ್ದರು, ಅದು ಹೆಂಗಸರಿಗೆ. ಯಾರ ಉಸಿರಿನ ಅಳತೆ ತೀರ ಕಡಿಮೆಯಿರುತ್ತದೋ ಅವರಿಗೆ ವೈದ್ಯರ ಸಹಿಯಿರುವ ಕಾಗದ ಬರುತ್ತದೆ. ಬೆಂಗಳೂರಿನಲ್ಲಿ ಎದೆಯ ಪೂರ್ತಿ ತಪಾಸಣೆ ಮಾಡಿಸುತ್ತಾರೆ. ಅಂಥವರನ್ನು ಹಬೆಯಿಂದ ದೂರ ಇಡಬೇಕೆಂದು ಘಟಕದ ಯಜಮಾನರಿಗೂ ಬರೆಯುತ್ತಾರೆ.

ನಾನು ಹೋಗಬೇಕಿದ್ದ ಹಲವು ನೂಲು ತೆಗೆಯುವ ಘಟಕಗಳಲ್ಲಿ ಮೊದಲನೆಯದು ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅದರ ಯಜಮಾನ ಇದನ್ನು ಎಲ್ಲರೆದುರಿಗೇ ಒಪ್ಪಿಕೊಂಡ.

"ಡಾಕ್ಟ್ರಮ್ಮ ಕಾಗ್ದ ಕೊಟ್ರೆ ನಾನು ಮಾತಾಡಾಕಿಲ್ಲ. ನೂಲು ಸುತ್ತೋ ರೂಮಿಗೆ ಹಾಕ್ತೀನಿ. ಆದ್ರೆ ಬಾಯ್ನಾಗೆ ಹೇಳ್ಕಂಡು ಬಂದ್ರೆ ಆಗಾಕಿಲ್ಲ. ಇಲ್ಲಿ ಕೆಮ್ಮು ಯಾರಿಗಿಲ್ಲ? ನಂಗೂ ಐತೆ."

ನೂಲು ಸುತ್ತುವ ಕೋಣೆ ಬೇಸಿನ್ ಸಾಲಿನ ಆಚೆ, ಗೋಡೆಯ ಅತ್ತ ಇತ್ತು. ತೆಗೆದ ನೂಲನ್ನು ಅಲ್ಲಿ ದೊಡ್ಡ ರಾಟೆಗೆ ಮತ್ತೊಮ್ಮೆ ಸುತ್ತುತ್ತಾರೆ. ಒಣ ನೆಲ, ಎರಡು ಕಿಟಕಿ, ಹಬೆಯಿಲ್ಲ. ನನ್ನ ಮೇಜನ್ನೂ ಅಲ್ಲೇ ಹಾಕಿಕೊಟ್ಟರು.

ಮೊದಲ ದಿನ ಒಬ್ಬರಿಗೂ ಹಸಿರು ಗುರುತು ಬರಲಿಲ್ಲ. ಯಾಕೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಕಡೆಯ ಹೆಂಗಸರು ಚೊಂಬಿಗೆ ತುಟಿ ತಾಗಿಸುವುದಿಲ್ಲ. ನೀರಾಗಲಿ ಮಜ್ಜಿಗೆಯಾಗಲಿ ಎತ್ತಿ ಕುಡಿಯುವುದು. ಇನ್ನೊಬ್ಬರ ಎಂಜಲು ಎಂದರೆ ದೂರ ಸರಿಯುತ್ತಾರೆ. ಅಂಥವರ ಬಾಯಿಗೆ ನಾನು ಕೊಳವೆ ಹಿಡಿದಿದ್ದೆ. ಒಬ್ಬೊಬ್ಬರೂ ತುಟಿಯನ್ನು ಕೂದಲೆಳೆಯಷ್ಟು ದೂರವೇ ಇಟ್ಟು ಊದುತ್ತಿದ್ದರು. ಗಾಳಿಯೆಲ್ಲ ಪಕ್ಕದಿಂದ ಸೋರುತ್ತಿತ್ತು.

"ಇದ್ಕೆ ಬಾಯಿ ಹಾಕ್ಬೇಕಾ ಸಾರ್? ಯಾರ್ಯಾರು ಎಂಜ್ಲು ಮಾಡವ್ರೋ!"

"ಹೊಸದಮ್ಮ. ನಿಮ್ಮೆದುರಿಗೇ ಪೊಟ್ಟಣ ಒಡೆದೆ."

"ಕೊಳ್ವೆ ಹೊಸ್ದು. ಮಿಷನ್ನು ಹಳೇದಲ್ವಾ?"

ಅವತ್ತು ವೈದ್ಯೆಯೂ ಇದ್ದರು. ಅವರು ನಗುತ್ತ, "ಆಕಾಶಕ್ಕೆ ಹೋಗಿ ಬರ್ತಾರಲ್ಲ ಅಮ್ಮ, ಅವರ ಉಸಿರನ್ನೂ ಹೀಗೇ ಊದಿಸಿ ಅಳೀತಾರೆ. ರಾಕೆಟ್ ಹಾರಿದ್ದನ್ನ ಟಿವೀಲಿ ನೋಡಿದ್ರಿ ತಾನೆ?" ಎಂದರು.

"ಅವ್ರು ಎಂಜ್ಲು ಗಿಂಜ್ಲು ನೋಡಾಕಿಲ್ವಾ?" ಎಂದಳು ಒಬ್ಬಳು.

"ಅಲ್ಲಿ ಎಲ್ಲಾ ತೇಲಾಡ್ತಾ ಇರ್ತರಂತೆ ಕಣವ್ವ. ಯಾರ್ ಎಂಜ್ಲು ಯಾರ್ ಮ್ಯಾಲೆ ಬೀಳ್ತದೋ!"

"ಹಂಗಾರೆ ನಮ್ಮನ್ನೂ ಕಳ್ಸಿ ಡಾಕ್ಟ್ರಮ್ಮ. ಅಲ್ಲಿ ಗೂಡು ಬೇಯ್ಸೋ ನಾತ ಇರಾಕಿಲ್ಲ."

ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ನಗು ಕೆಮ್ಮಿಗೆ ತಿರುಗಿತು. ಸುಮಾರು ಹೊತ್ತು ಕೋಣೆಯಲ್ಲಿ ಕೆಮ್ಮು ಬಿಟ್ಟು ಬೇರೆ ಸದ್ದಿರಲಿಲ್ಲ. ವೈದ್ಯೆ ನಗು ನಿಲ್ಲಿಸಿ ಏನನ್ನೋ ಬರೆದುಕೊಂಡರು.

ಉಪಾಯ ನನ್ನದೇ. ಬಳಸಿದ ಕೊಳವೆಯನ್ನು ಹಳದಿ ಚೀಲಕ್ಕೆ ಹಾಕಬೇಕು ಎಂಬುದು ನಿಯಮ. ಅದರ ಬದಲು ಊದಿದವರ ಕೈಗೇ ಕೊಟ್ಟುಬಿಡೋಣ, ಇನ್ನೊಬ್ಬರಿಗೆ ಹೋಗುವುದಿಲ್ಲ ಎಂದು ಕಣ್ಣಾರೆ ಕಂಡರೆ ನಂಬುತ್ತಾರೆ ಎಂದೆ. ವೈದ್ಯೆ ಒಪ್ಪಿದರು; ಮೊದಲ ದಿನದ ಊದುಗಳನ್ನು ಅಭ್ಯಾಸವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೇ ದಿನದಿಂದ ಹಸಿರು ಗುರುತು ಬರತೊಡಗಿತು. ಹೆಂಗಸರು ಕೊಳವೆಗಳನ್ನು ಸೆರಗಿಗೆ ಸಿಕ್ಕಿಸಿಕೊಂಡು ಮನೆಗೆ ಒಯ್ದರು. ಸೋರಿಕೆಯ ರೋಗ ನನಗೆ ಚೆನ್ನಾಗಿ ಗೊತ್ತಾಯಿತು ಎಂಬ ಹೆಮ್ಮೆ ನನಗೆ ಅಂಟಿಕೊಂಡದ್ದು ಆಗ. ಕೆಂಪು ಗುರುತು ಬಂದರೆ ಕಾರಣ ಒಂದೇ, ತುಟಿ ಸಡಿಲ ಎಂದು ತೀರ್ಮಾನಿಸಿಬಿಟ್ಟೆ.

ಗೋಡೆಯಿಂದ ಎರಡನೇ ಬೇಸಿನ್ನಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಕೂರುತ್ತಿದ್ದಳು. ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಮದುವೆಯಾದದ್ದೂ ಕೂಟಗಲ್‌ನಲ್ಲೇ, ಗಂಡ ಬಿಡದಿಯ ಕಾರ್ಖಾನೆಯೊಂದಕ್ಕೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಮಗಳು ನರ್ಸಿಂಗ್ ಓದುತ್ತಿದ್ದಳು. ಇವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ರಾಮನಗರಕ್ಕೆ ಬಂದು ಬೇಸಿನ್ನಿನ ಮುಂದೆ ಕೂತರೆ ಸಂಜೆಯ ಬಸ್ಸಿಗೆ ಏಳುವುದು. ಹದಿನಾರು ವರ್ಷದಿಂದ ಹೀಗೆ.

ಪರೀಕ್ಷೆ ಶುರುವಾಗುವ ಒಂದು ವಾರ ಮೊದಲು ನನ್ನ ಮನೆಗೆ ಬಂದಿದ್ದಳು. ನಮ್ಮ ಮನೆಗೆ ಒಂಬತ್ತು ಮೆಟ್ಟಿಲು. ಎರಡು ಕಡೆ ನಿಂತು ಹತ್ತಿದಳು.

"ಅಣ್ಣಯ್ಯ, ಆ ಕಾಗ್ದ ಒಂದ್ ಸಿಕ್ಬುಟ್ರೆ ಸಾಕು. ಸುತ್ತೋ ರೂಮಿಗೆ ಹಾಕ್ತೀನಿ ಅಂದವ್ನೆ. ಮಗೀಗೆ ಇನ್ನೆರಡು ವರ್ಸ ಓದೈತೆ. ಅಲ್ಲೀಗಂಟ ದುಡೀಲೇಬೇಕು. ಆದ್ರೆ ಆ ಹಬೇಲಿ ಇನ್ನೆರಡು ವರ್ಸ ಆಗಾಕಿಲ್ಲ ಕಣಣ್ಣಯ್ಯ, ನಂಗೇ ಗೊತ್ತಾಯ್ತೈತೆ."

"ಊದು. ಯಂತ್ರ ಹೇಳ್ತದೆ. ನಾನು ಏನೂ ಹೇಳಂಗಿಲ್ಲ" ಎಂದೆ.

ಸರಿಯಾದ ಉತ್ತರ ಕೊಟ್ಟೆ ಎಂದೇ ಅಂದುಕೊಂಡೆ. ಅವಳು ಹೋದ ಮೇಲೆ ವೈದ್ಯೆಗೆ ಫೋನ್ ಮಾಡಿ, ಘಟಕದಲ್ಲಿ ನನ್ನ ಸಂಬಂಧಿಯೊಬ್ಬಳಿದ್ದಾಳೆ ಎಂದು ತಿಳಿಸಿದೆ. ತೊಂದರೆಯಿಲ್ಲ ಎಂದರು. ಆದರೂ ತಂಗಿಗೆ ದಾಕ್ಷಿಣ್ಯ ತೋರಿಸಿದ ಎಂದು ಯಾರೂ ಬೆರಳು ತೋರಿಸುವಂತಾಗಬಾರದು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ.

ಅವಳ ಸರದಿ ಬಂದದ್ದು ಮೂರನೇ ದಿನ ಊಟದ ನಂತರ. ಕೈಬೆರಳುಗಳು ನೀರಿನಲ್ಲಿ ನೆಂದು ಬಿಳಿಚಿ ಸುಕ್ಕಾಗಿದ್ದವು. ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಎಲ್ಲರಿಗೂ ಕೇಳುವಂತೆ ವಯಸ್ಸೆಷ್ಟು ಎಂದು ಕೇಳಿದೆ.

"ಏನಣ್ಣಯ್ಯ, ಗುರ್ತೇ ಇಲ್ದಂಗೆ ಕೇಳ್ತೀಯಲ್ಲ? ನಾನು ಹುಟ್ದಾಗ ರಜಕ್ಕೆ ಊರಿಗ್ ಬಂದು ಸೂಲಗಿತ್ತಿ ಕರ್ಕಂಬರಾಕೆ ಓಡ್ದೋನು ನೀನೇ ಅಲ್ವಾ?"

ಸಾಲಿನಲ್ಲಿದ್ದವರು ನಕ್ಕರು. ನನಗೆ ಇರಿಸುಮುರಿಸಾಯಿತು. "ನಲವತ್ತೊಂಬತ್ತು" ಎಂದು ನಾನೇ ಬರೆದುಕೊಂಡೆ.

ಮೊದಲ ಸಲ ಊದಿದಳು. ಕೆಂಪು. ಎರಡನೆಯದೂ ಕೆಂಪು.

"ತುಟಿ ಬಿಗಿ ಹಿಡಿ."

"ಹಿಡ್ದಿವ್ನಿ."

"ಹಿಡಿದಿಲ್ಲ. ಗಾಳಿ ಸೋರ್ತಾ ಐತೆ."

"ಅಣ್ಣಯ್ಯಂಗೆ ಹೆದ್ರಿ ಉಸ್ರೇ ಬತ್ತಿಲ್ಲ ನೋಡ್ರವ್ವಾ" ಎಂದು ಹಿಂದಿನಿಂದ ಯಾರೋ ಛೇಡಿಸಿದರು. ಅವಳೂ ನಗಲು ಹೋಗಿ ಕೆಮ್ಮಿದಳು. ನಾನು ಕಾದೆ. ಮೂರು, ನಾಲ್ಕು, ಐದು. ಪ್ರತಿ ಸಲವೂ ಜೋರಾಗಿ ಶುರುಮಾಡುತ್ತಿದ್ದಳು, ಎರಡು ಎಣಿಸುವಷ್ಟರಲ್ಲಿ ನಿಂತುಹೋಗುತ್ತಿತ್ತು, ಆಮೇಲೆ ಕೆಮ್ಮು. ಆ ಕೆಮ್ಮು ನನಗೆ ಕೇಳಿಸಲಿಲ್ಲವೆಂದಲ್ಲ. ಆ ಕೋಣೆಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು.

ನನ್ನ ಕಣ್ಣ ಮುಂದೆ ಇದ್ದದ್ದು ಬೇರೆ. ನಮ್ಮ ಇಡೀ ಮನೆತನದಲ್ಲಿ ಎಂಜಲಿನ ವಿಚಾರಕ್ಕೆ ಇವಳಷ್ಟು ಹೇಸುವವರು ಇನ್ನೊಬ್ಬರಿರಲಿಲ್ಲ. ನನ್ನ ಮದುವೆಯ ದಿನ ಸೋಡಾ ಬಾಟಲಿಯನ್ನು ಎತ್ತಿ ಕುಡಿಯಲು ಹೋಗಿ ಹೊಸ ಲಂಗವನ್ನೆಲ್ಲ ನೆನೆಸಿಕೊಂಡಿದ್ದಳು. ತಾಯಿ ಬೈದರೂ ತುಟಿ ತಾಗಿಸಲಿಲ್ಲ. ಅದೇ ಹುಡುಗಿ ಈಗಲೂ ಹಟ ಮಾಡುತ್ತಿದ್ದಾಳೆ, ಎಲ್ಲರೆದುರಿಗೆ ನನ್ನ ಹೊತ್ತು ಹಾಳು ಮಾಡುತ್ತಿದ್ದಾಳೆ ಎನ್ನಿಸಿತು.

ಎಂಟನೆಯದಕ್ಕೆ ಎರಡೂ ಕೈಗಳನ್ನು ಮಂಡಿಗೆ ಊರಿಕೊಂಡು ಬಗ್ಗಿಬಿಟ್ಟಳು. ಕಣ್ಣಲ್ಲಿ ನೀರು ಬಂದಿತ್ತು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿದಳು.

"ಇನ್ನೊಂದ್ಸಲ ಅಣ್ಣಯ್ಯ."

"ಎಂಟಾಯ್ತು."

ವೈದ್ಯೆಯನ್ನು ಕೇಳಿ ಇನ್ನೊಂದು ದಿನ ಊದಿಸಬಹುದಿತ್ತು. ನಿಯಮದಲ್ಲೇ ಅದಕ್ಕೆ ಅವಕಾಶವಿತ್ತು. ಆದರೆ ಅಲ್ಲಿಯವರೆಗೆ ಬೇರೆ ಯಾರಿಗೂ ಹಾಗೆ ಕೇಳಿರಲಿಲ್ಲ. ತಂಗಿಗೆ ಮಾತ್ರ ಕೇಳಿದರೆ ಸಾಲಿನಲ್ಲಿ ನಿಂತವರು ಏನೆನ್ನುತ್ತಾರೆ? ಕಾರಣದ ಖಾನೆಯಲ್ಲಿ ಐದು ಎಂದು ಬರೆದೆ. ಅಂಕಿ ಗುಂಡಗೆ, ಖಾನೆಯ ನಡುವೆ ಸರಿಯಾಗಿ ಕೂತಿದೆ.

"ಏನ್ ಬರ್ದೆ?" ಎಂದಳು.

"ಆಗಲಿಲ್ಲ ಅಂತ."

"ಇನ್ನೊಂದಿನ ಕರೀತೀಯಾ?"

"ಕರೆಯೋದಿದ್ರೆ ಹೇಳಿ ಕಳಿಸ್ತೀನಿ."

ಎರಡೂ ಉತ್ತರಗಳು ನಿಜವಾಗಿರಲಿಲ್ಲ. ಅವಳು ಕೊಳವೆಯನ್ನು ಒರೆಸಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಹೊರಡುವಾಗ ಕಿಟಕಿಯ ಪಕ್ಕದ ರಾಟೆಯನ್ನು ಒಂದು ಸಲ ಕೈಯಿಂದ ಮುಟ್ಟಿ ನೋಡಿದಳು. ಮುಂದಿನವರನ್ನು ಕರೆದೆ.

ಎರಡು ತಿಂಗಳಲ್ಲಿ ಕಾಗದಗಳು ಬಂದವು. ಯಜಮಾನ ಮಾತು ಉಳಿಸಿಕೊಂಡ. ಆ ಘಟಕದ ಇಬ್ಬರು ನೂಲು ಸುತ್ತುವ ಕೋಣೆಗೆ ಹೋದರು. ಅದರಲ್ಲಿ ಒಬ್ಬಳು ಇವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಮೆಟ್ಟಿಲನ್ನು ನಿಲ್ಲದೆ ಹತ್ತುವವಳು.

ಅದಾದ ಮೇಲೆ ಒಂದು ಶನಿವಾರ ಕೆಂಗಲ್ ಆಂಜನೇಯನ ಗುಡಿಯಲ್ಲಿ ಸಿಕ್ಕಳು. ಪ್ರದಕ್ಷಿಣೆ ಅರ್ಧಕ್ಕೆ ನಿಲ್ಲಿಸಿ ಕಂಬಕ್ಕೆ ಒರಗಿ ಕೂತಿದ್ದಳು.

"ನಂಗ್ಯಾಕೆ ಬರ್ಲಿಲ್ಲ ಕಾಗ್ದ?"

"ನಿಂದು ಲೆಕ್ಕಕ್ಕೆ ಬರಲಿಲ್ಲ."

"ಎಂಟು ಸಲ ಊದುದ್ನಲ್ಲಣ್ಣಯ್ಯ. ಅದೆಲ್ಲಾ ಎಲ್ಲೋಯ್ತು?"

ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಾರದೇ ಎಂದೆ. ತೋರಿಸಿದ್ದಳಂತೆ. ಬಾಯಿಗೆ ಹೊಡೆದುಕೊಳ್ಳುವ ಔಷಧಿ ಕೊಟ್ಟು, ಹಬೆಯಿಂದ ದೂರವಿರಬೇಕೆಂದು ಒಂದು ಚೀಟಿಯನ್ನೂ ಬರೆದುಕೊಟ್ಟಿದ್ದರಂತೆ. ಯಜಮಾನ ಅದನ್ನು ಓದಿ, "ಇಂಥ ಚೀಟಿ ಯಾರ್ ಬೇಕಾರೂ ತರ್ತಾರೆ ಕಣಮ್ಮ. ನಿಮ್ಮಣ್ಣನ ಮಿಷನ್ನೇ ನಿಂಗೆ ಏನೂ ಇಲ್ಲ ಅಂದೈತಲ್ಲ" ಎಂದನಂತೆ. ಯಂತ್ರ ಹಾಗೆ ಅಂದಿರಲಿಲ್ಲ. ಆದರೆ ಕಾಗದ ಬರಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದೇ ಊರೆಲ್ಲ ತಿಳಿದುಕೊಂಡಿತ್ತು. ಆಗಲಾದರೂ ನಾನು ವೈದ್ಯೆಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮುಗಿದ ಪುಸ್ತಕವನ್ನು ಮತ್ತೆ ತೆರೆಯುವ ಅಭ್ಯಾಸ ನನಗಿರಲಿಲ್ಲ.

ಜನವರಿಯ ಚಳಿಯಲ್ಲಿ ಅವಳಿಗೆ ಜ್ವರ ಬಂತು. ಜ್ವರದಲ್ಲೇ ಎರಡು ದಿನ ಬೇಸಿನ್ನಿಗೆ ಹೋದಳು. ಮೂರನೇ ದಿನ ಏಳಲಾಗಲಿಲ್ಲ. ರಾಮನಗರದಲ್ಲಿ ಒಂದು ರಾತ್ರಿ ಇಟ್ಟುಕೊಂಡು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಐದನೇ ದಿನ ಮಧ್ಯಾಹ್ನ ತೀರಿಕೊಂಡಳು. ವಾರ್ಡಿನ ಹೊರಗೆ ಅಲ್ಲಿಯ ವೈದ್ಯರು ಅವಳ ಮಗಳಿಗೆ, "ಇದು ಈ ವಾರದ ಜ್ವರ ಅಲ್ಲಮ್ಮ. ಶ್ವಾಸಕೋಶ ವರ್ಷಗಳಿಂದ ಕೆಟ್ಟಿತ್ತು. ಮೊದಲೇ ಯಾಕೆ ಕರೆದುಕೊಂಡು ಬರಲಿಲ್ಲ?" ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹುಡುಗಿ ನನ್ನ ಮುಖ ನೋಡಲಿಲ್ಲ. ನೋಡದಿದ್ದದ್ದು ಬೇಕೆಂದೋ ಅಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಕೂಟಗಲ್‌ಗೆ ಹೋದೆ. ಊಟ ಮುಗಿದು ನೆಂಟರೆಲ್ಲ ಎದ್ದ ಮೇಲೆ ಮಗಳು ಒಳಗಿನಿಂದ ರಟ್ಟಿನ ಕೊಳವೆಯೊಂದನ್ನು ತಂದಳು. ಗೋಡೆಯ ಗೂಡಿನಲ್ಲಿ, ಬಾಚಣಿಗೆ ಮತ್ತು ಕುಂಕುಮದ ಡಬ್ಬಿಯ ಪಕ್ಕ ಇತ್ತಂತೆ.

"ಮಾವ, ಇದು ನಿಮ್ಮ ಮಿಷನ್ನಿಂದಲ್ವಾ? ಬಿಸಾಕಾಕೆ ಮನಸ್ಸು ಬರ್ಲಿಲ್ಲ."

"ಇನ್ನೂ ಇಟ್ಕೊಂಡಿದ್ಲಾ?"

"ಅಯ್ಯೋ, ದಿನಾ ಬೆಳಿಗ್ಗೆ ಊದೋದೇ ಕೆಲ್ಸ. ಮುಖ ತೊಳ್ಕಂಡು ಗೋಡೆ ಕಡೆ ತಿರಿಕ್ಕಂಡು ಊದೋಳು. ನಾನು ಮೊಬೈಲ್ ನೋಡ್ಕಂಡು ಸೆಕೆಂಡ್ ಎಣಿಸ್ಬೇಕು. 'ಎಷ್ಟಾಯ್ತೇ?' ಅನ್ನೋಳು. ಎರಡು ದಾಟ್ತಿರ್ಲಿಲ್ಲ ಮಾವ. ನಾನು ಒಂದೊಂದ್ಸಲ ಸುಳ್ಳು ಹೇಳ್ತಿದ್ದೆ, ಮೂರಾಯ್ತು ಅಂತ. 'ನಿಮ್ಮಾವ ಇನ್ನೊಂದ್ಸಲ ಕರೆಯೋ ಹೊತ್ಗೆ ಆರು ಮಾಡ್ತೀನಿ ನೋಡ್ತಿರು' ಅನ್ನೋಳು."

ಕೊಳವೆಯನ್ನು ಬೆಳಕಿಗೆ ಹಿಡಿದೆ. ತುದಿಯಲ್ಲಿ ಹಲ್ಲೂರಿದ ಗುರುತು. ಅದರ ಹಿಂದೆ ಎಲೆಅಡಿಕೆಯ ಕೆಂಪು, ಬಳೆಯಂತೆ ಸುತ್ತಲೂ, ಎಲ್ಲೂ ಕಡಿಯದೆ. ತುಟಿ ಸಡಿಲ ಬಿಟ್ಟವರ ಕೊಳವೆ ಹೀಗಿರುವುದಿಲ್ಲ.

ಆದರೂ ಪ್ರಯೋಗಾಲಯದ ಬುದ್ಧಿ ಸುಮ್ಮನಿರಲಿಲ್ಲ. ಈ ಗುರುತು ಪರೀಕ್ಷೆಯ ದಿನದ್ದೋ, ಆಮೇಲಿನ ಬೆಳಿಗ್ಗೆಗಳದ್ದೋ ಹೇಳಲು ಬರುವುದಿಲ್ಲ. ಕೊಳವೆಯೊಂದರಿಂದ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ಬಸ್ಸಿನಲ್ಲಿ ಕೂತು ಇದನ್ನೇ ಹೇಳಿಕೊಳ್ಳುತ್ತ ಮನೆಗೆ ಬಂದೆ. ಮರುದಿನ ಐದಕ್ಕೆ ಎದ್ದೆ, ನಡೆಯಲು ಹೋಗಲಿಲ್ಲ. ಒಂಬತ್ತಾಗುವುದನ್ನೇ ಕಾದು ವೈದ್ಯೆಗೆ ಫೋನ್ ಮಾಡಿದೆ.

ಆ ವಾರವೇ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕೆಂಪು ಗುರುತು ಬಂದ ಊದುಗಳನ್ನೂ ಯಂತ್ರ ಉಳಿಸಿಕೊಂಡಿರುತ್ತದೆ. ವೈದ್ಯೆ ನನ್ನ ತಂಗಿಯ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದರು. ಎಂಟು ಗೆರೆಗಳು ಮೂಡಿದವು. ಅವುಗಳನ್ನು ಒಂದರ ಮೇಲೊಂದು ತಂದಿಟ್ಟರು.

"ಗಾಳಿ ಸೋರಿದ್ರೆ ಒಂದೊಂದು ಸಲ ಒಂದೊಂದು ಆಕಾರ ಬರುತ್ತೆ ಸರ್. ಇದು ನೋಡಿ, ಎಂಟೂ ಒಂದೇ ಥರ. ಜೋರಾಗಿ ಏರಿದೆ, ತಕ್ಷಣ ಕುಸಿದಿದೆ, ಆಮೇಲೆ ಹಳ್ಳ. ತುದಿಯಲ್ಲಿ ಗರಗಸದ ಹಲ್ಲಿನ ಹಾಗಿರೋದು ಕೆಮ್ಮು. ಇವರು ಪ್ರತಿ ಸಲವೂ ಪೂರ್ತಿ ಊದಿದ್ದಾರೆ. ಒಳಗೆ ಇದ್ದದ್ದೇ ಇಷ್ಟು."

"ಕೆಮ್ಮು, ಒಂದು ಅಂತ ಬರೆದಿದ್ದರೆ?"

"ನಾನು ತೆರೆದು ನೋಡ್ತಿದ್ದೆ. ಮೊದಲ ಸೆಕೆಂಡಿನ ಅಳತೆಯೇ ಸಾಕಾಗ್ತಿತ್ತು."

"ಕಾಗದ ಹೋಗ್ತಿತ್ತಾ?"

"ಹೋಗ್ತಿತ್ತು. ಮೊದಲ ಪಟ್ಟಿಯಲ್ಲೇ." ಆಮೇಲೆ ನನ್ನ ಮುಖ ನೋಡಿ, "ತರಬೇತಿ ನಾವು ಇನ್ನೂ ಚೆನ್ನಾಗಿ ಕೊಡಬೇಕಿತ್ತು ಸರ್" ಎಂದರು.

"ಕೊಟ್ಟಿದ್ರಿ. ನಾನು ಬರೆದುಕೊಂಡಿದ್ದೇನೆ" ಎಂದೆ.

ಅಷ್ಟು ಹೊತ್ತಿಗೆ ಅಧ್ಯಯನದ ವರದಿ ಹೊರಟುಹೋಗಿತ್ತು. ಐದು ಎಂದು ಬರೆದವರನ್ನೆಲ್ಲ ಬಿಟ್ಟು, ಉಳಿದವರ ಸರಾಸರಿ ತೆಗೆದ ವರದಿ. ಉಸಿರಿನ ಇಳಿಕೆ ಅಂದುಕೊಂಡದ್ದಕ್ಕಿಂತ ಕಡಿಮೆ ಎಂದು ಅದರಲ್ಲಿತ್ತು. ಎದೆ ತೀರ ಕೆಟ್ಟವರಲ್ಲಿ ಹಲವರು ಅದರಲ್ಲಿ ಇರಲೇ ಇಲ್ಲ. ನಾನು ಐದು ಎಂದು ಬರೆದವರ ಪಟ್ಟಿ ಕೇಳಿದೆ. ಒಂದು ಪುಟ ತುಂಬ ಇತ್ತು. ವೈದ್ಯೆ ಅಷ್ಟನ್ನೂ ತೆರೆದು ನೋಡಿದರು. ಕೆಲವರದು ನಿಜವಾಗಿ ಸೋರಿದ್ದು. ಕೆಲವರದು ನನ್ನ ತಂಗಿಯ ಗೆರೆಯಂಥದ್ದೇ. ವರದಿಗೆ ತಿದ್ದುಪಡಿ ಬರೆಯುತ್ತೇನೆ, ಆ ಹೆಂಗಸರಿಗೆ ಕಾಗದವನ್ನೂ ಕೊಡುತ್ತೇನೆ ಎಂದರು. ಆದರೆ ನೂಲು ತೆಗೆಯುವವರು ಒಂದೇ ಘಟಕದಲ್ಲಿ ನಿಲ್ಲುವುದಿಲ್ಲ. ವಿಳಾಸಗಳು ಹಳತಾಗಿದ್ದವು. ನಾನು ಹುಡುಕುತ್ತೇನೆ ಎಂದೆ.

ಮನೆಗೆ ಬಂದು ಪುಸ್ತಕ ತೆರೆದು ಅವಳ ಸಾಲಿನ ಐದರ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಒಂದು ಎಂದು ಬರೆದು ಸಹಿ, ತಾರೀಖು ಹಾಕಿದೆ. ಕೆಳಗಿನ ಐದು ಚೆನ್ನಾಗಿಯೇ ಓದಲು ಬರುತ್ತದೆ.

ಮಂಗಳವಾರ ಮತ್ತು ಶುಕ್ರವಾರ ಹುಡುಕುವ ದಿನಗಳಾದವು. ಬೆಳಿಗ್ಗೆ ಎಂಟರ ಬಸ್ಸು. ಚನ್ನಪಟ್ಟಣದ ಹಿಂದಿನ ಹಳ್ಳಿಗಳು, ಕನಕಪುರದ ರಸ್ತೆ, ಮಾಗಡಿಯ ಕಡೆ. ಒಬ್ಬಳು ಮಗಳ ಊರಿಗೆ ಹೋಗಿದ್ದಳು. ಒಬ್ಬಳ ಮನೆಯಲ್ಲಿ ಅವಳ ಫೋಟೋಗೆ ಹಾರ ಹಾಕಿತ್ತು; ಕಾಗದವನ್ನು ಚೀಲದಿಂದ ಹೊರಗೆ ತೆಗೆಯದೆ ನೀರು ಕುಡಿದು ಎದ್ದು ಬಂದೆ.

ಮಾಗಡಿ ರಸ್ತೆಯ ಹಳ್ಳಿಯೊಂದರಲ್ಲಿ ಸಿಕ್ಕವಳು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ದೂರದಿಂದಲೇ ನನ್ನ ಗುರುತು ಹಿಡಿದಳು.

"ಏನ್ ಸಾರ್, ಮಿಷನ್ ಎಲ್ಲಿ? ಇವತ್ತೂ ಸೋರ್ತಾ ಐತೆ ಅಂತ ಬೈಯಾಕೆ ಬಂದ್ರಾ?"

ನಾನು ಬಂದ ಕಾರಣ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಕಾಗದವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಾನು ಕೆಲ್ಸ ಬುಟ್ಟು ಆರು ತಿಂಗ್ಳಾಯ್ತು. ಆಗಾಕಿಲ್ಲ ಅಂತ ಬುಟ್ಟೆ. ಈಗ ಇದ್ನ ಯಾರಿಗ್ ತೋರ್ಸ್ಲಿ?"

"ತಪಾಸಣೆ ಆದ್ರೂ ಆಗುತ್ತಮ್ಮ. ಬೆಂಗಳೂರಿಗೆ ನಾನೇ ಕರ್ಕೊಂಡು ಹೋಗ್ತೀನಿ."

"ಅಲ್ಲೂ ಊದುಸ್ತಾರಾ?"

"ಊದಿಸ್ತಾರೆ."

ಒಂದು ಹಿಡಿ ಕಾಯಿ ಬಿಡಿಸಿ ಮೊರಕ್ಕೆ ಹಾಕಿದಳು. "ಹಂಗಾರೆ ನೀವು ಹೊರ್ಗೆ ನಿಂತ್ಕಳಿ. ನಿಮ್ಮುನ್ನ ಕಂಡ್ರೆ ಬರೋ ಉಸ್ರೂ ಬರಾಕಿಲ್ಲ."

ಒಪ್ಪಿಕೊಂಡೆ. ಮುಂದಿನ ಶುಕ್ರವಾರ ಕರೆದುಕೊಂಡು ಹೋದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಮುಚ್ಚಿದ ಬಾಗಿಲಿನ ಪಕ್ಕ ನಿಂತೆ. ಒಳಗೆ ತಂತ್ರಜ್ಞೆ, "ಊದಿ, ಊದಿ, ಇನ್ನೂ ಊದಿ" ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಗಡಿಯಾರ ನೋಡಿಕೊಂಡು ಎಣಿಸಿದೆ. ಎರಡಕ್ಕೆ ನಿಂತಿತು. ಕೆಮ್ಮು. ಮತ್ತೆ ಊದಿ, ಊದಿ. ಮತ್ತೆ ಎರಡು. ಎಂಟನೆಯದೂ ಮುಗಿದು ಒಳಗೆ ಸದ್ದು ನಿಂತಿತು. ಪೆನ್ನು ಮೇಜಿಗೆ ತಾಗಿದ ಶಬ್ದ ಕೇಳಿದಂತಾಯಿತು.

ಬಾಗಿಲು ತಳ್ಳಿ ಒಳಗೆ ಹೋದೆ.

"ಏನು ಬರೆದಿರಿ?" ಎಂದು ಕೇಳಿದೆ.

ತಂತ್ರಜ್ಞೆ ಗಾಬರಿಯಿಂದ ನನ್ನನ್ನು ನೋಡಿ, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕೆಮ್ಮು ಎಂದು ಬರೆದಿತ್ತು. ಸ್ಟೂಲಿನ ಮೇಲೆ ಕೂತವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಉಸಿರು ಕೂಡಿಸಿಕೊಂಡು, "ಹೊರ್ಗೆ ನಿಂತ್ಕಳಿ ಅಂದಿದ್ನಲ್ಲಾ ಸಾರ್" ಎಂದಳು.